ಹೊಲಿಗೆ ಹಾಕಿದ ಕಲ್ಲಂಗಡಿ

ನಮ್ಮ ಮನೆಯವರು ತೀರಿಕೊಳ್ಳುವ ಹಿಂದಿನ ದಿನ ನಮ್ಮಿಬ್ಬರಿಗೂ ಜಗಳವಾಗಿತ್ತು. ಕಾರಣ, ಒಂದು ಕಲ್ಲಂಗಡಿ.

ಆಳಂದದ ಸಂತೆಯಲ್ಲಿ ಅವರು ಪ್ರತಿ ಸಲ ಮಾಡುವುದನ್ನೇ ಅಂದೂ ಮಾಡಿದ್ದರು. ಹಣ್ಣನ್ನು ಎತ್ತಿ ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಬೆರಳಿನಿಂದ ಟಕ್ ಟಕ್ ಬಡಿದು, "ನೋಡು, ಒಳಗ ಕೆಂಡ ಅದ, ಕೆಂಡ" ಎಂದರು. ಮನೆಗೆ ತಂದು ಕೊಯ್ದರೆ ಒಳಗೆ ಸೌತೆಕಾಯಿ. ಬೆಳ್ಳಗೆ, ಸಪ್ಪಗೆ.

"ಲಗ್ನ ಆದಾಗಿಂದ ಬಡಿಯಾಕತ್ತೀರಿ. ಒಂದಾದ್ರೂ ಕೆಂಪು ಬಂದದೇನ್ರಿ?" ಎಂದೆ.

"ಹಣ್ಣು ಖರೇನ ಹೇಳಿತ್ತು. ನೀ ಕೊಯ್ದದ್ದು ಸರಿ ಇಲ್ಲ" ಎಂದರು. ಹಟಕ್ಕೆ ಬಿದ್ದು ಸಕ್ಕರೆ ಉದುರಿಸಿಕೊಂಡು ಅರ್ಧ ಹಣ್ಣು ತಿಂದರು.

ಮರುದಿನ ಬೆಳಿಗ್ಗೆ ಚಹಾ ಕುಡಿಯಲು ಕುಳಿತವರು ಏಳಲಿಲ್ಲ. (ಕಲ್ಲಂಗಡಿಯಿಂದಲ್ಲ, ಹಾರ್ಟ್ ಅಟ್ಯಾಕ್. ಕೇಳುವವರಿದ್ದಾರೆ, ಅದಕ್ಕೇ ಬರೆದೆ.)

ಈ ಅಂಕಣ ನಡುವೆ ನಿಂತದ್ದು ಹೀಗೆ. ಎಲ್ಲಿ ಹೋಯಿತೆಂದು ಇಬ್ಬರು ಓದುಗರು ವಿಚಾರಿಸಿದರಂತೆ. ಅವರಲ್ಲಿ ಒಬ್ಬ ನನ್ನ ತಮ್ಮ.

ನನ್ನ ಬ್ಲೌಸ್ ಹೊಲಿಯುವ ಅಂಗಡಿಗೆ ಬೀಗ ಹಾಕಿ ಕರಜಗಿಯ ಅಕ್ಕನ ಮನೆಗೆ ಹೋದೆ. ಅಲ್ಲಿ ಸಮಾಧಾನ ಹೇಳುವವರ ಸಾಲು. ಬಂದವರದ್ದೆಲ್ಲ ಒಂದೇ ಕ್ರಮ. ಮೊದಲು ಅಳು, ಆಮೇಲೆ ಚಹಾ, ಆಮೇಲೆ ತಮ್ಮ ಸೊಸೆಯ ಮೇಲೆ ದೂರು. ಅವರನ್ನು ಸಮಾಧಾನ ಮಾಡಿ ಮಾಡಿ ನಾನೇ ಸುಸ್ತಾದೆ. ದುಃಖಪಡಲು ನನಗೆ ಟೈಮ್ ಎಲ್ಲಿತ್ತು?

ಒಂದು ದಿನ ಯಾರಿಗೂ ಹೇಳದೆ ಟಂಟಂ ಆಟೋ ಹತ್ತಿ ಭೀಮಾ ದಂಡೆಗೆ ಹೋಗಿಬಿಟ್ಟೆ.

ಸಿನಿಮಾದವರು ಬೇಸಿಗೆಗೆ ಮಾಲ್ಡೀವ್ಸ್‌ಗೆ ಹೋಗುತ್ತಾರೆ. ನಮಗೇನು ದ್ವೀಪ ಇಲ್ಲವೇ? ಬೇಸಿಗೆಯಲ್ಲಿ ಹೊಳೆ ಇಳಿದಾಗ ನಡುವೆ ಮರಳಿನ ನಡುಗಡ್ಡೆ ಏಳುತ್ತದೆ. ಸುತ್ತ ಮೊಣಕಾಲುದ್ದ ನೀರು. ಆ ಮರಳಿನಲ್ಲಿ ಗುಣಿ ತೋಡಿ, ಗೊಬ್ಬರ ಹಾಕಿ ಕಲ್ಲಂಗಡಿ ಬೆಳೆಯುತ್ತಾರೆ. ಮಳೆ ಬಂದರೆ ದ್ವೀಪವೇ ಮಾಯ. ಚಪ್ಪಲಿ ಕೈಯಲ್ಲಿ ಹಿಡಿದು ನೀರು ದಾಟಿದೆ.

"ಯಾರ್ ಬೇ ಅಕಿ! ಹಣ್ಣು ಕದಿಯಾಕ ಬಂದೀಯೇನು?"

ಬಳ್ಳಿಗಳ ನಡುವೆ ಕೊಡ ಹಿಡಿದು ನಿಂತವಳು ಮಹಬೂಬ್ಬಿ. ಹಿಂದೆ ಮುಂದೆ ಗೊತ್ತಿಲ್ಲದ ಹೆಂಗಸು. ಆದರೆ ಅಷ್ಟು ದಿನ ಎಲ್ಲರೂ ನನ್ನೊಂದಿಗೆ ಪಿಸುದನಿಯಲ್ಲೇ ಮಾತಾಡಿದ್ದರು. ಬೈದವಳು ಇವಳೇ ಮೊದಲು. ಹಾಯೆನಿಸಿತು. ಅಲ್ಲೇ ಕುಳಿತೆ.

"ನಿನ್ನ ಗಂಡ?" ಎಂದು ಕೇಳಿದೆ.

"ಅದಾನ ಬೇ. ಅದೇ ತ್ರಾಸ. ನಿನ್ನಾಂವ?"

"ಇಲ್ಲ. ಅದೇ ತ್ರಾಸ."

ಅವಳು ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಮುರಿದು ಕೊಟ್ಟಳು.

ಮಹಬೂಬ್ಬಿ ಗಂಡನ ಹೊಡೆತ ತಾಳದೆ ತವರಿಗೆ ಬಂದವಳು. ಹೋದ ವರ್ಷ ಅಣ್ಣ ಮರಳಿನಲ್ಲಿ ಒಂದು ತುಂಡು ಜಾಗ ಬಿಟ್ಟುಕೊಟ್ಟಿದ್ದ. ಇವಳು ಅವಸರ ಮಾಡಿ ಎಳೆಯ ಕಾಯಿ ಕಿತ್ತಳು. ಲೋಡ್ ಪೂರ್ತಿ ಬೆಳ್ಳಗೆ. ವ್ಯಾಪಾರಿ ಎಲ್ಲವನ್ನೂ ದಂಡೆಯ ಮೇಲೇ ಬಿಟ್ಟು ಹೋದ. ಊರ ಎಮ್ಮೆಗಳು ವಾರವಿಡೀ ಹಬ್ಬ ಮಾಡಿದವು.

"ಈ ಸಲನೂ ಹಂಗ ಆದ್ರ ಗಂಡನ ಮನಿಗೆ ನಡಿ ಅಂದಾನ ಅಣ್ಣ" ಎಂದಳು. ಹೇಳುವಾಗ ನಗುತ್ತಲೇ ಇದ್ದಳು. ಕೈಯಲ್ಲಿದ್ದ ರೊಟ್ಟಿ ಮಾತ್ರ ಹಾಗೇ ಉಳಿದಿತ್ತು.

ಅಂದಿನಿಂದ ದಿನಾ ಹೋದೆ. ಇಬ್ಬರೂ ಕೊಡದಲ್ಲಿ ನೀರು ಹೊತ್ತೆವು. ಹಣ್ಣು ದಪ್ಪಗಾದವು. ಜೇವರ್ಗಿಯ ವ್ಯಾಪಾರಿ ನಾಳೆ ಬರುತ್ತಾನೆ ಎಂದು ಗೊತ್ತಾದಾಗ ಮಹಬೂಬ್ಬಿ ಕೊಡ ಕೆಳಗಿಟ್ಟು ಬಳ್ಳಿಗಳ ಸುತ್ತ ತಿರುಗತೊಡಗಿದಳು. ಹಣ್ಣಾಗಿದೆಯೋ ಇಲ್ಲವೋ?

"ಬಡಿದು ನೋಡು" ಎಂದೆ. (ನಮ್ಮ ಮನೆಯವರ ವಿದ್ಯೆ.)

ಬಡಿದಳು. "ಟಕ್ ಅಂತು."

ನಾನೂ ಬಡಿದೆ. "ನನಗೂ ಟಕ್ ಅಂತು."

"ಹಂಗಂದ್ರ ಏನು?"

ಇಬ್ಬರಿಗೂ ಗೊತ್ತಿಲ್ಲ. ಕೊನೆಗೆ ಅವಳು ಚಾಕು ತೆಗೆದು ಒಂದು ಹಣ್ಣಿಗೆ ಚೌಕದ ಕಿಟಕಿ ಕೊರೆದಳು. ಕೆಂಪು! ನಂಬಿಕೆ ಬರಲಿಲ್ಲ. ಇನ್ನೊಂದು ಕೊರೆದಳು. ಮತ್ತೊಂದು. ಕೆಂಪೇನೋ ಸರಿ, ಕಿಟಕಿ ಇಟ್ಟ ಹಣ್ಣನ್ನು ಯಾರು ಕೊಳ್ಳುತ್ತಾರೆ? ಅವಳು ತಲೆಯ ಮೇಲೆ ಕೈಹೊತ್ತು ಕುಳಿತಳು.

ನಾನು ಟೇಲರ್. ನನ್ನ ಚೀಲದಲ್ಲಿ ಸೂಜಿ ದಾರ ಇಲ್ಲದ ದಿನವಿಲ್ಲ. ಕೊರೆದ ತುಂಡುಗಳನ್ನು ಮೊದಲಿನ ಜಾಗಕ್ಕೇ ಕೂರಿಸಿ, ನಾಲ್ಕೂ ಕಡೆ ಹೊಲಿದೆ. ಹಸಿರು ದಾರ. ಮ್ಯಾಚಿಂಗ್ ಬೇಡವೇ?

"ಇದು ಮೋಸ ಅಲ್ಲೇನ್ ಬೇ?" ಎಂದಳು.

"ಮೋಸ ಅಲ್ಲ, ಆಲ್ಟರೇಷನ್."

ಉಳಿದ ಹಣ್ಣುಗಳನ್ನೂ ಕಿತ್ತು ರಾಶಿ ಹಾಕಿ, ಹೊಲಿದವನ್ನು ಅದರ ತಳಕ್ಕೆ ಸೇರಿಸಿದೆವು.

ಮರುದಿನ ಬಂದ ವ್ಯಾಪಾರಿ ಡಾಕ್ಟರರಂತೆ ಗಂಭೀರವಾಗಿ ಬಡಿಯತೊಡಗಿದ. ಮೇಲಿನದನ್ನು ಬಡಿದ. ಪಕ್ಕದ್ದನ್ನು ಬಡಿದ. ಆಮೇಲೆ ತಳಕ್ಕೆ ಕೈಹಾಕಿ ಒಂದನ್ನು ಎಳೆದ. ಮಹಬೂಬ್ಬಿ ಕಣ್ಣು ಮುಚ್ಚಿದಳು.

"ಇದು ಹಣ್ಣೋ, ಕುಬುಸೋ?" ಎಂದ.

ಅವನು ಚಾಕುವಿನಿಂದ ದಾರ ಕತ್ತರಿಸಿ, ತುಂಡು ತೆಗೆದು ಬಾಯಿಗೆ ಹಾಕಿಕೊಂಡ. ಅಗಿದ. ಇನ್ನೂ ಅಗಿದ.

"ಹೊಲಿಗಿ ಛಲೋ ಅದ. ಹಣ್ಣು ಅದಕ್ಕಿಂತ ಛಲೋ ಅವ. ಹೊಲಿದವು ನಿಮಗೇ ಇರ್ಲಿ, ಉಳಿದದ್ದೆಲ್ಲಾ ನಾ ಒಯ್ತೇನಿ."

ಮಹಬೂಬ್ಬಿ ಮರಳಿನ ಮೇಲೆ ದೊಪ್ಪನೆ ಕುಳಿತಳು.

ನನಗೆ ತಡೆಯಲಾಗಲಿಲ್ಲ. "ಅಣ್ಣಾ, ಬಡಿದ್ರ ಖರೇನ ಗೊತ್ತಾಗ್ತದೇನ್ರಿ?" ಎಂದು ಕೇಳಿದೆ.

"ಏನೂ ಗೊತ್ತಾಗಂಗಿಲ್ಲವ್ವಾ. ನಾ ನೋಡೋದು ಹೊಟ್ಟಿ. ಮರಳಿಗೆ ಹತ್ತಿದ ಮಗ್ಗಲ ಹಳದಿ ಆಗಿರಬೇಕು."

"ಮತ್ತ ಬಡೀತೀರಲ್ಲ?"

"ಬಡೀಲಿಲ್ಲಂದ್ರ ನಾ ಬ್ಯಾಪಾರಿ ಅಂತ ಯಾರ್ ನಂಬ್ತಾರ?"

ನಾನು ನಕ್ಕೆ. ನಮ್ಮ ಮನೆಯವರು ಹೋದ ಮೇಲೆ ಮೊದಲ ಸಲ. ಎಷ್ಟು ನಕ್ಕೆನೆಂದರೆ ಮಹಬೂಬ್ಬಿಗೆ ಗಾಬರಿಯಾಯಿತು.

"ಯಾ ಅಲ್ಲಾ! ಅಳಾಕತ್ತೀಯೋ ನಗಾಕತ್ತೀಯೋ, ಒಂದು ಹೇಳ ಬೇ!"

ಎರಡೂ ಇರಬೇಕು.

ಈಗ ಮಳೆ ಬಂದಿದೆ, ದ್ವೀಪ ಮುಳುಗಿದೆ. ಮಹಬೂಬ್ಬಿ ತವರಿನಲ್ಲೇ ಇದ್ದಾಳೆ, ಮುಂದಿನ ಬೇಸಿಗೆಗೆ ಬೀಜ ಒಣಗಿಸಿಟ್ಟಿದ್ದಾಳೆ. ಫೋನ್ ಮಾಡಿ ಬೈಯುತ್ತಿರುತ್ತಾಳೆ. ನಾನು ಅಂಗಡಿಯ ಬೀಗ ತೆಗೆದಿದ್ದೇನೆ.

ಮೊನ್ನೆ ಆಳಂದದ ಸಂತೆಯಲ್ಲಿ ಒಂದು ಕಲ್ಲಂಗಡಿ ಕೊಂಡೆ. ಬೇಕೆಂದೇ ಹೊಟ್ಟೆ ನೋಡಲಿಲ್ಲ. ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಟಕ್ ಟಕ್ ಬಡಿದು ತಂದೆ. ಕೊಯ್ದರೆ ಒಳಗೆ ಸೌತೆಕಾಯಿ.

ನಾನು ಕೊಯ್ದದ್ದು ಸರಿ ಇಲ್ಲ ಎನ್ನುವವರು ಮನೆಯಲ್ಲಿಲ್ಲ.