ನೆಲಕ್ಕೆ ಕಣ್ಣು ಬಂದ ಮನೆ

ಅಳತೆಯಮ್ಮನಿಗೆ ಮುಖಗಳು ನೆನಪಿರುವುದಿಲ್ಲ. ಎದುರುಮನೆಯಾಕೆ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಮಾತಾಡಿಸಿದಾಗ "ಯಾರು ಅಂತ ಗೊತ್ತಾಗ್ಲಿಲ್ಲ" ಎಂದು ಹೇಳಿ ಚೆನ್ನಾಗಿ ಬೈಸಿಕೊಂಡವಳು. ಅದೇ ಆಕೆ ಚಪ್ಪಲಿಯಿಂದ ಹೆಬ್ಬೆರಳೊಂದನ್ನು ಹೊರಗಿಟ್ಟಿದ್ದರೂ ಸಾಕಿತ್ತು, ಮಗಳ ಹೆರಿಗೆಯಿಂದ ಹಿಡಿದು ಮನೆಯ ಸುದ್ದಿಯನ್ನೆಲ್ಲ ವಿಚಾರಿಸಿಬಿಡುತ್ತಿದ್ದಳು. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಹರೆಯದಿಂದ ತಲೆ ನರೆಯುವವರೆಗೆ ಒಂದೇ ಚಪ್ಪಲಿ ಅಂಗಡಿಯಲ್ಲಿ ದುಡಿದಳು. ಗಿಡ್ಡ ಸ್ಟೂಲಿನ ಮೇಲೆ ಕೂತು, ಬಂದವರ ಪಾದವನ್ನು ಅಳತೆಯ ತಗಡಿನ ಮೇಲಿರಿಸಿ ನಂಬರು ಹೇಳುವುದು ಅವಳ ಕೆಲಸ. ಅಲ್ಲಿಂದ ಮುಖ ನೋಡಬೇಕಾದರೆ ಕತ್ತೆತ್ತಬೇಕು. ಕತ್ತೆತ್ತುವಷ್ಟರಲ್ಲಿ ಇನ್ನೊಂದು ಪಾದ ಬಂದಿರುತ್ತಿತ್ತು. ಗಂಡನೂ ಒಬ್ಬನಿದ್ದ, ಬಹಳ ದಿನ ಇರಲಿಲ್ಲ. ಅವನ ಮುಖವೂ ಈಗ ಅಷ್ಟಾಗಿ ನೆನಪಿಲ್ಲ ಎಂದು ಅವಳೇ ಹೇಳಿ ನಗುತ್ತಾಳೆ.

ಜನ ಕೂತಲ್ಲಿಗೇ ಚಪ್ಪಲಿ ತರಿಸಿಕೊಳ್ಳಲು ಶುರುಮಾಡಿದ ಮೇಲೆ ಅಂಗಡಿಗೆ ಬೀಗ ಬಿತ್ತು. ಆಮೇಲೆ ಅವಳಿಗೆ ಸಿಕ್ಕ ಕೆಲಸದ ಬಗ್ಗೆ ಕೇಳಿದರೆ ಮೊದಲು ನಗು ಬರುತ್ತದೆ. ನೆಲ ಗುಡಿಸುವ ಮಿಷನ್ ಇದೆಯಲ್ಲ, ದೊಡ್ಡ ತಟ್ಟೆಯಂತೆ ದುಂಡಗಿದ್ದು ತಾನೇ ತಾನಾಗಿ ಮನೆಯೆಲ್ಲ ಹರಿದಾಡುವಂಥದ್ದು, ಅದರ ಮೂತಿಯಲ್ಲೊಂದು ಕ್ಯಾಮರಾ ಇರುತ್ತದೆ. ಕಂಡದ್ದನ್ನೆಲ್ಲ ಅದು ಚಿತ್ರ ತೆಗೆದು ಕಳಿಸುತ್ತದೆ. ಆದರೆ ಕಂಡದ್ದು ಏನೆಂದು ಆ ಪೆದ್ದಿಗೆ ತಿಳಿಯದು, ಯಾರಾದರೂ ಕಲಿಸಬೇಕು. ಒಂದು ಕಟ್ಟಡದ ಮೇಲ್ಮಹಡಿಯಲ್ಲಿ, ಹಗಲಲ್ಲೂ ಪರದೆ ಎಳೆದ ಹಾಲಿನಲ್ಲಿ, ಸಾಲಾಗಿ ಕೂತವರು ಕಲಿಸುತ್ತಾರೆ. ಚಿತ್ರದಲ್ಲಿರುವ ಒಂದೊಂದು ವಸ್ತುವಿನ ಸುತ್ತಲೂ ಮೌಸಿನಿಂದ ಚೌಕ ಎಳೆದು ಹೆಸರು ಒತ್ತಬೇಕು: ಇದು ಕುರ್ಚಿಯ ಕಾಲು, ಇದು ವೈರು, ಇದು ಬೆಕ್ಕು, ಇದು ಮನುಷ್ಯ.

"ಇವೆಲ್ಲ ಯಾರ ಮನೆ?" ಎಂದು ಮೊದಲ ದಿನವೇ ಕೇಳಿದ್ದಳು.

"ಒಪ್ಪಿಗೆ ಕೊಟ್ಟೋರದ್ದು ಅಮ್ಮಾ," ಎಂದರು ಮೇಲ್ವಿಚಾರಕರು. "ಒಪ್ಪದೇ ಇರೋರ ಚಿತ್ರ ಇಲ್ಲಿಗೆ ಬರೋದೇ ಇಲ್ಲ."

ಅವಳಿಗೆ ಸಮಾಧಾನವಾಯಿತು. ಒಪ್ಪಿಗೆ ಕೊಟ್ಟವರೆಂದರೆ ಎಲ್ಲೋ ದೂರದ, ದೊಡ್ಡ ಮನೆಗಳ, ನಾಚಿಕೆ ಬಿಟ್ಟ ಜನ ಎಂದು ತನ್ನಷ್ಟಕ್ಕೆ ತೀರ್ಮಾನಿಸಿಕೊಂಡಳು. ಒಂದು ಮನೆಯನ್ನು ಒಬ್ಬರಿಗೇ ಕೊಡುವುದು ಆ ಆಫೀಸಿನ ಪದ್ಧತಿ. ಮನೆಯ ಸಾಮಾನು ಕಣ್ಣಿಗೆ ರೂಢಿಯಾದರೆ ಕೆಲಸ ಬೇಗ ಸಾಗುತ್ತದೆ. ಹಾಗಾಗಿ ಪ್ರತಿಯೊಬ್ಬರಿಗೂ 'ನನ್ನ ಮನೆಗಳು' ಎಂದು ಕೆಲವಿದ್ದವು. ಪಕ್ಕದ ಸೀಟಿನಲ್ಲಿದ್ದ ಬಾಯಿಬಡುಕನಂತೂ ಯಾರಾದರೂ ಅರೆಬರೆ ಬಟ್ಟೆಯಲ್ಲಿ ಸಿಕ್ಕಿಬಿದ್ದರೆ ಸಾಲಿನವರನ್ನೆಲ್ಲ ಕರೆದು ತೋರಿಸುತ್ತಿದ್ದ. ಗೋಡೆಗೂ ಕಿವಿಯಿರುತ್ತದೆ ಎಂದ ಹಿರಿಯರು ನೆಲಕ್ಕೂ ಕಣ್ಣು ಬಂದೀತೆಂದು ಎಣಿಸಿರಲಿಲ್ಲ.

ಅಳತೆಯಮ್ಮನಿಗೆ ತನ್ನವರೆಂದು ಇದ್ದದ್ದು ಅಕ್ಕ ಒಬ್ಬಳೇ. ತಾಯಿ ಬೇಗ ಹೋದಳು. ಜಡೆ ಹೆಣೆದು, ಸ್ಕೂಲಿಗೆ ಅಟ್ಟಿ, ಬೈದು, ಮುದ್ದು ಮಾಡಿ ಸಾಕಿದವಳು ಅಕ್ಕ. ಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದವಳು ಅವಳು. ಸೀಟಿ ಊದಿದಳೆಂದರೆ ಮೈದಾನದ ಹುಡುಗಿಯರೆಲ್ಲ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ನಿವೃತ್ತಿಯಾದ ಮೇಲೂ ಅದೇ ನಡಿಗೆ, ಅದೇ ಗತ್ತು. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿ ಒಬ್ಬಳೇ ಇದ್ದಳು. ಭಾನುವಾರ ಬಂದರೆ ತಂಗಿಯ ಫೋನು ತಪ್ಪುತ್ತಿರಲಿಲ್ಲ.

ಬಗ್ಗಿ ಗುಡಿಸಿದರೆ ಸೊಂಟ ಹಿಡಿಯುತ್ತದೆ ಎಂದು ಅಕ್ಕ ಒಮ್ಮೆ ಬಾಯಿತಪ್ಪಿ ಹೇಳಿದ್ದೇ ತಡ, ತಂಗಿ ಆಫೀಸಿನ ರಿಯಾಯಿತಿಯಲ್ಲಿ ಒಂದು ಮಿಷನ್ ಕಳಿಸಿಕೊಟ್ಟಳು. ಅದನ್ನು ಶುರುಮಾಡುವ ದಿನ ಅಕ್ಕನೇ ಫೋನು ಮಾಡಿದಳು.

"ಇದೇನೇನೋ ಕೇಳ್ತಾ ಇದೆ ಪುಟ್ಟಿ. ಓದಿದ್ರೆ ಮುಗಿಯೋ ಹಾಗೇ ಇಲ್ಲ."

"ಎಲ್ಲಾದಕ್ಕೂ ಹೂಂ ಅಂತ ಒತ್ತಿಬಿಡಕ್ಕ. ಇಲ್ದಿದ್ರೆ ಅದು ಓಡಲ್ಲ."

ದಿನವೂ ಕಂಡವರ ಮನೆಯೊಳಗೆ ಕೂತು ಎದ್ದು ಬರುವವಳು ಆಡುವ ಮಾತೇ ಇದು? ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಒಪ್ಪಿಗೆ ಕೊಡುವವರು ಬೇರೆಯೇ ಜಾತಿಯ ಜನ ಎಂದು ನಂಬಿಕೊಂಡಿದ್ದವಳಿಗೆ, ತನ್ನಕ್ಕ ಒತ್ತಿದ ಹೂಂ ಕೂಡ ಒಪ್ಪಿಗೆಯೇ ಎಂದು ಹೊಳೆಯಲೇ ಇಲ್ಲ.

ಕೆಲವು ವಾರಗಳಾದ ಮೇಲೆ ಅವಳಿಗೆ ಹೊಸದೊಂದು ಮನೆ ಬಂತು. ಸಾಮಾನು ಕಡಿಮೆ, ನೆಲ ಚೊಕ್ಕಟ. ಮಂಚದ ಕಾಲಿಗೆ ಚೌಕ ಎಳೆದಳು, ಮೇಜಿನ ಕಾಲಿಗೆ ಎಳೆದಳು. ಮುಂದಿನ ಚಿತ್ರದಲ್ಲಿ ಎರಡು ಪಾದಗಳು ಬಂದವು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ನೀಲಿ ಚಪ್ಪಲಿಯ ಪಟ್ಟಿಗೆ ಎಡಗಡೆ ಮಾತ್ರ ಒಂದು ತೂತು ಹೆಚ್ಚಿಗೆ ಕೊರೆದಿತ್ತು. ಅಕ್ಕನಿಗೆಂದು ಕೊರೆದವಳು ಅವಳೇ.

ಗುರುತಿನವರ ಮನೆ ಬಂದರೆ ಮೇಲ್ವಿಚಾರಕರಿಗೆ ಹೇಳಬೇಕೆಂಬುದು ನಿಯಮ. ಹೇಳಿದರೆ ಆ ಮನೆಯನ್ನು ಬೇರೆಯವರಿಗೆ ಕೊಡುತ್ತಾರೆ. ಅಳತೆಯಮ್ಮ ಪಕ್ಕದ ಸೀಟಿನ ಕಡೆ ನೋಡಿದಳು. ಬಾಯಿಬಡುಕ ಯಾರದೋ ಮನೆಯ ಚಿತ್ರ ದೊಡ್ಡದು ಮಾಡಿಕೊಂಡು ಹಲ್ಲು ಕಿರಿಯುತ್ತಿದ್ದ. ಅವಳು ತುಟಿ ಬಿಗಿದುಕೊಂಡು ಅಕ್ಕನ ಪಾದಗಳ ಸುತ್ತ ಚೌಕ ಎಳೆದಳು. ಕಂಡವರು ನೋಡುವುದಕ್ಕಿಂತ ತಾನು ನೋಡುವುದು ವಾಸಿ ಎಂದುಕೊಂಡಳು. ಅಕ್ಕನಿಗೆ ಹೇಳಿ ಮಿಷನ್ ನಿಲ್ಲಿಸಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಈ ವಾರ ಹೇಳೋಣ, ಮುಂದಿನ ವಾರ ಹೇಳೋಣ ಎಂದು ದೂಡಿದಳು. ಅಷ್ಟರಲ್ಲಿ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಎಡಗಾಲು ನೆಲ ಬಿಟ್ಟು ಏಳುತ್ತಿರಲಿಲ್ಲ. ಚಿತ್ರದಿಂದ ಚಿತ್ರಕ್ಕೆ ಆ ನೀಲಿ ಚಪ್ಪಲಿ ಎಳೆದುಕೊಂಡೇ ಬರುತ್ತಿತ್ತು.

ಒಂದು ದಿನ ಪಾದಗಳಿರಬೇಕಾದ ಕಡೆ ಅಂಗೈಗಳು ಬಂದವು. ಹಿಂದೆಯೇ ಮಂಡಿಗಳು. ಮೈದಾನದ ತುಂಬ ಹುಡುಗಿಯರನ್ನು ನಡೆಸಿದವಳು ತನ್ನ ಮನೆಯಲ್ಲಿ ಅಂಬೆಗಾಲಿಡುತ್ತಿದ್ದಳು. ಬಚ್ಚಲ ಹತ್ತಿರದ ಕಾಲೊರೆಸುವ ಬಟ್ಟೆ ಮುದುಡಿಕೊಂಡಿತ್ತು, ಅಲ್ಲಿಂದ ಮಂಚದ ತನಕ ಅಕ್ಕ ತೆವಳಿಕೊಂಡೇ ಬಂದಿದ್ದಳು. ಚಿತ್ರಗಳು ಆಫೀಸಿಗೆ ತಲುಪುವಾಗ ಒಂದೆರಡು ದಿನ ಹಳೆಯವಾಗಿರುತ್ತಿದ್ದವು. ಎಲ್ಲ ಆಗಿಹೋದದ್ದು.

ಆ ಭಾನುವಾರ ಫೋನು ಮಾಡಿದಳು.

"ಊಟ ಆಯ್ತಾ ಅಕ್ಕ?"

"ಆಯ್ತು. ನಿಂದು?"

"ಆಯ್ತು. ಹುಷಾರಾಗಿದೀಯಾ?"

"ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ."

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮುಂದಿನ ವಾರ ಸುತ್ತುಬಳಸಿ ಎಚ್ಚರಿಸಲು ನೋಡಿದಳು. "ಬಚ್ಚಲ ಹತ್ರ ಹಾಕಿದೀಯಲ್ಲ ಬಟ್ಟೆ, ಅದು ಜಾರುತ್ತೆ, ತೆಗೆದುಬಿಡಕ್ಕ. ಆ ಕಾಲನ್ನೂ ಒಂದ್ಸಲ ಡಾಕ್ಟರಿಗೆ ತೋರಿಸು."

"ಯಾವ ಕಾಲು?" ಎಂದಳು ಅಕ್ಕ. "ಕಾಲಿನ ವಿಷಯ ನಾನು ನಿನಗೆ ಹೇಳೇ ಇಲ್ಲ. ಬಟ್ಟೆ ಅಲ್ಲಿ ಹಾಕಿದ್ದೂ ಮೊನ್ನೆ ಮೊನ್ನೆ."

"ಹಾಗೇ ಅಂದೆ ಕಣಕ್ಕ. ಎಲ್ಲರ ಮನೇಲೂ ಇರುತ್ತಲ್ಲ."

ಆ ವಾರದ ಚಿತ್ರಗಳನ್ನು ಅಳತೆಯಮ್ಮ ಒಂದೊಂದಾಗಿ ತೆರೆದಳು. ಒಂದರಲ್ಲಿ ಮಂಚದ ಹೊದಿಕೆಯ ಅಂಚನ್ನು ಕೈಯೊಂದು ಮೆಲ್ಲಗೆ ಎತ್ತಿ ಮಂಚದಡಿ ಹುಡುಕುತ್ತಿತ್ತು. ಇನ್ನೊಂದರಲ್ಲಿ ಮುಂಬಾಗಿಲಿಗೆ ಕುರ್ಚಿ ಒತ್ತಿ ಇಟ್ಟಿತ್ತು. ಅದೂ ಹಗಲು ಹೊತ್ತು, ಕಿಟಕಿಯ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಆಮೇಲೆ ಸಾಲಾಗಿ ಬಂದ ಚಿತ್ರಗಳಲ್ಲಿ ಅಕ್ಕನ ಪಾದಗಳು ಕೋಣೆಯ ನಟ್ಟನಡುವೆ ನಿಂತಿದ್ದವು. ಮೊದಲು ಬಾಗಿಲ ಕಡೆ, ಆಮೇಲೆ ಕಿಟಕಿಯ ಕಡೆ, ಆಮೇಲೆ ಗೋಡೆಯ ಕಡೆ. ನಿಂತಲ್ಲೇ ಒಂದು ಪೂರ್ತಿ ಸುತ್ತು ತಿರುಗಿದವು. ತನ್ನನ್ನು ಯಾರು ನೋಡುತ್ತಿದ್ದಾರೆಂದು ಅಕ್ಕ ಹುಡುಕುತ್ತಿದ್ದಳು. ನೋಡುತ್ತಿದ್ದವಳು ಮೌಸ್ ಹಿಡಿದು ಕೂತಿದ್ದಳು.

ಮುಂದಿನ ಭಾನುವಾರ ಅಕ್ಕ ಪಿಸುದನಿಯಲ್ಲಿ ಮಾತಾಡಿದಳು.

"ಮನೇಲಿ ಯಾರೋ ಇದಾರೆ ಕಣೇ ಪುಟ್ಟಿ. ನಾನು ಮಾಡೋದೆಲ್ಲ ಗೊತ್ತಾಗ್ತಿದೆ. ಅಡುಗೆಯವಳೇ ನಿನಗೆ ಊದ್ತಿರಬೇಕು ಅಂತ ಇವತ್ತು ಬಿಡಿಸಿಬಿಟ್ಟೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಡುಗೆಯವಳು ಪಾಪ, ದಿನಕ್ಕೊಮ್ಮೆ ಬಂದು ಬೇಯಿಸಿಟ್ಟು ಹೋಗುತ್ತಿದ್ದಳು, ಆ ಮನೆಗೆ ಬರುತ್ತಿದ್ದ ಜೀವವೆಂದರೆ ಅದೊಂದೇ. ಆಗಲಾದರೂ ನಿಜ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಆದರೆ ಹೇಳಿದರೆ ಅಕ್ಕ ಮಿಷನ್ ನಿಲ್ಲಿಸುತ್ತಾಳೆ, ನಾಳೆಯಿಂದ ಚಿತ್ರ ಬರುವುದಿಲ್ಲ. ಮೊದಲು ಬಂದ ಯೋಚನೆ ಅದೇ. ಅಷ್ಟು ಹೊತ್ತಿಗೆ ಅವಳಿಗೆ ನೋಡುವುದು ಅಂಟಿಹೋಗಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಆಫೀಸಿಗೆ ಹೋಗಿ ಅಕ್ಕನ ಮನೆ ತೆರೆಯುತ್ತಿದ್ದಳು. ನಾನು ನೋಡದಿದ್ದರೆ ಇನ್ನಾರು ನೋಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು, "ಹೋಗ್ಲಿ ಬಿಡಕ್ಕ" ಎಂದು ಫೋನಿಟ್ಟಳು.

ಆ ವಾರವೇ ಅದು ಬಂತು. ಮೊದಲ ಚಿತ್ರದಲ್ಲಿ ಬಚ್ಚಲ ಮುಂದೆ ನೆಲದ ಮೇಲೆ ಏನೋ ಬಿದ್ದಿತ್ತು. ಎರಡನೆಯದರಲ್ಲಿ ಹತ್ತಿರವಾಯಿತು. ಮೂರನೆಯದರಲ್ಲಿ ಅಕ್ಕನ ಮುಖ. ಕೆನ್ನೆ ನೆಲಕ್ಕೆ ಒತ್ತಿತ್ತು, ಕಣ್ಣು ತೆರೆದಿತ್ತು. ಆ ಕಣ್ಣು ನೇರ ಅವಳನ್ನೇ ನೋಡುತ್ತಿತ್ತು. ಬಾಯಿ ಏನನ್ನೋ ಹೇಳುತ್ತಿತ್ತು, ಚಿತ್ರಕ್ಕೆ ದನಿಯಿಲ್ಲ. ನಾಲ್ಕನೆಯದರಲ್ಲಿ ಮಿಷನ್ ಪಕ್ಕಕ್ಕೆ ತಿರುಗಿತ್ತು. ಐದನೆಯದರಲ್ಲಿ ಬರೀ ಗೋಡೆ.

ಹಿಂದಕ್ಕೆ ಹೋಗಿ ಮತ್ತೆ ಆ ಮುಖ ನೋಡಿದಾಗ ಅದರ ಸುತ್ತ ಆಗಲೇ ಒಂದು ಚೌಕವಿತ್ತು. ಅವಳ ಕೈ ತನ್ನ ಪಾಡಿಗೆ ತಾನು ಎಳೆದಿತ್ತು. ಹೆಸರನ್ನೂ ಒತ್ತಿತ್ತು. ಅವಳು ಮೌಸ್ ಬಿಟ್ಟು ಎದ್ದಳು, ಯಾರಿಗೂ ಹೇಳದೆ ಮೆಟ್ಟಿಲಿಳಿದು ಬಸ್ ಹಿಡಿದಳು. ದಾರಿಯುದ್ದಕ್ಕೂ ಫೋನು ಮಾಡಿದಳು, ಅತ್ತ ಯಾರೂ ಎತ್ತಲಿಲ್ಲ.

ಬಾಗಿಲು ಬಡಿದು ಬಡಿದು ಕೈ ಸೋತ ಮೇಲೆ ಒಳಗೆ ಕುರ್ಚಿ ಸರಿಯುವ ಸದ್ದಾಯಿತು. ಅಕ್ಕ ಬದುಕಿದ್ದಳು. ಕೆನ್ನೆ ನೀಲಿಗಟ್ಟಿತ್ತು, ಗೋಡೆ ಹಿಡಿದು ನಿಂತಿದ್ದಳು. ಅಳತೆಯಮ್ಮ ಅವಳನ್ನು ತಬ್ಬಿಕೊಂಡು ಮಂಚಕ್ಕೆ ಕರೆತಂದು ಕೂರಿಸಿ, ಅತ್ತು, ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಅಡುಗೆಯವಳು ನನಗೆ ಏನೂ ಹೇಳಿಲ್ಲ ಅಕ್ಕ. ನೋಡ್ತಾ ಇದ್ದದ್ದು ನಾನು. ಅದರಿಂದ." ಮೂಲೆಯಲ್ಲಿದ್ದ ಮಿಷನ್ ತೋರಿಸಿದಳು. "ನನ್ನ ಕೆಲಸವೇ ಅದು."

ಅಕ್ಕ ಮಿಷನ್ನಿನ ಕಡೆ ನೋಡಿದಳು, ತಂಗಿಯ ಕಡೆ ನೋಡಿದಳು.

"ಮೊನ್ನೆ ಬಿದ್ದಿದ್ದು ನೋಡಿದೆಯಾ?"

"ನೋಡಿದೆ. ಅದಕ್ಕೇ ಓಡಿ ಬಂದೆ."

"ಆವತ್ತು ತೆವಳಿದ್ದು?"

ಅಳತೆಯಮ್ಮ ತಲೆ ತಗ್ಗಿಸಿದಳು. "ಅದನ್ನೂ ನೋಡಿದೆ."

ಅಕ್ಕ ಹೊದಿಕೆ ಎಳೆದುಕೊಂಡು ಕಾಲುಗಳನ್ನು ಮುಚ್ಚಿಕೊಂಡಳು.

"ಬಿದ್ದಾಗ ಅದು ನನ್ನ ಮುಖದ ಹತ್ರ ಬಂತು," ಎಂದಳು. "ಒಳಗೆ ಯಾರಾದ್ರೂ ಇದೀರಾ ಅಂತ ಕೇಳಿದೆ, ಹುಚ್ಚಿ ಹಾಗೆ. ತಿರುಗಿಕೊಂಡು ಹೋಯ್ತು. ಹೋಗ್ಲಿ, ಅದು ಮಿಷನ್. ನೀನು ನಾನು ತೆವಳಿದ್ದನ್ನ ನೋಡಿ, ಆ ಭಾನುವಾರ ಫೋನ್ ಮಾಡಿ ಊಟ ಆಯ್ತಾ ಅಂದ್ಯಲ್ಲ ಪುಟ್ಟಿ. ಏನೂ ಗೊತ್ತಿಲ್ಲದೋರ ಹಾಗೆ ಅಂದೆ. ಆ ದನಿ ನೆನೆಸಿಕೊಂಡ್ರೆ ನನಗೆ ಭಯ ಆಗುತ್ತೆ."

ಅಳತೆಯಮ್ಮ ಆ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ಈಗ ಅಕ್ಕನ ಮನೆಯಲ್ಲೇ ಇದ್ದಾಳೆ. ಮಿಷನ್ ಗುಜರಿಗೆ ಹೋಯಿತು, ಅಡುಗೆಯವಳ ಕೈಕಾಲು ಹಿಡಿದು ವಾಪಸು ಕರೆತಂದದ್ದೂ ಆಯಿತು. ಡಾಕ್ಟರು ಕೊಟ್ಟ ಔಷಧಿಯಿಂದ ಎಡಗಾಲು ಅಲ್ಪಸ್ವಲ್ಪ ಏಳುತ್ತಿದೆ. ಅಕ್ಕ ಬೈಯುವುದಿಲ್ಲ, ಮುನಿಸೂ ಇಲ್ಲ. ಕೊಟ್ಟದ್ದನ್ನು ಉಣ್ಣುತ್ತಾಳೆ, ಹಳೆಯ ಕಥೆ ಹೇಳಿ ನಗುತ್ತಾಳೆ.

ಆದರೆ ಸ್ನಾನಕ್ಕೆ ಹೋದಾಗ ಚಿಲಕ ಹಾಕಿಕೊಂಡ ಮೇಲೆ ಒಳಗಿನಿಂದ ಇನ್ನೊಂದು ಸದ್ದು ಬರುತ್ತದೆ. ಕಷ್ಟಪಟ್ಟು ಬಗ್ಗಿ, ಬಾಗಿಲಿಗೂ ನೆಲಕ್ಕೂ ನಡುವೆ ಇರುವ ಸಂದಿಗೆ ಅಕ್ಕ ಟವೆಲು ತುರುಕುತ್ತಾಳೆ, ಈ ತುದಿಯಿಂದ ಆ ತುದಿಯವರೆಗೆ, ಬೆರಳಿನಿಂದ ಒತ್ತಿ ಒತ್ತಿ. ಅಳತೆಯಮ್ಮ ಹೊರಗೆ ಗೋಡೆಗೆ ಒರಗಿ, ಒಳಗೆ ಅಕ್ಕ ಬಿದ್ದ ಸದ್ದು ಬಾರದಿರಲಿ ಎಂದುಕೊಂಡು ಕಣ್ಣು ಮುಚ್ಚಿ ನಿಂತಿರುತ್ತಾಳೆ.