ಪರೀಕ್ಷೆ ಬರೆಯುವ ಕೈ

ನಮ್ಮ ಮನೆಯ ಅಟ್ಟದ ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಎರಡು ಸಾಲುಗಳಿವೆ. ‘ಮಾಘ, ಮೂಡಲ ಮೂಲೆ’ ಎಂಬುದು ಮೊದಲನೆಯದು. ಅದರ ಕೆಳಗೆ ‘ಭಾಗ್ಯ’. ಹಂದನಕೆರೆಯ ಸುತ್ತಿನ ತೋಟದವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನ ನಂಟು ಕಡಿದುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಯಾವ ಮೂಲೆಗೆ ಯಾವ ತಿಂಗಳು ಹಾಕಿದ್ದೆಂದು ಮರೆಯದಿರಲು ನಮ್ಮ ಮನೆಯಲ್ಲಿ ತೊಲೆಯ ಮೇಲೆ ಬರೆದಿಡುವುದು, ಕಾಯಿ ಇಳಿಸಿದ ಮೇಲೆ ಒರೆಸಿಹಾಕುವುದು ರೂಢಿ. ಆ ಎರಡು ಸಾಲನ್ನು ಮಾತ್ರ ಇಪ್ಪತ್ತೆರಡು ವರ್ಷಗಳಿಂದ ಯಾರೂ ಒರೆಸಿಲ್ಲ.

ಭಾಗ್ಯ ನನ್ನ ಅಕ್ಕ, ಆ ಸಾಲುಗಳನ್ನು ಬರೆದವಳು. ತಿಪಟೂರಿನಲ್ಲಿ ಟೀಚರ್ ತರಬೇತಿಗೆ ಓದುತ್ತಿದ್ದಳು. ಕನ್ನಡದ ಅಕ್ಷರವನ್ನೂ ಇಂಗ್ಲಿಷಿನ ಅಕ್ಷರವನ್ನೂ ನನ್ನ ಕೈ ಹಿಡಿದು ತಿದ್ದಿಸಿದವಳು ಅವಳೇ. ಅವಳ ಅಕ್ಷರಗಳು ಎಡಕ್ಕೆ ವಾಲುತ್ತಿದ್ದವು, ಪ್ರತಿ ಪದದ ಕೊನೆಗೊಂದು ಪುಟ್ಟ ಬಾಲವಿರುತ್ತಿತ್ತು. ಆ ಮಾಘದಲ್ಲಿ ಹಾಕಿದ ಕಾಯಿ ಇನ್ನೂ ಅಟ್ಟದ ಮೇಲಿರುವಾಗಲೇ ನಾಲ್ಕು ದಿನದ ಜ್ವರದಲ್ಲಿ ಅಕ್ಕ ಹೋಗಿಬಿಟ್ಟಳು. ನನಗಾಗ ಹದಿಮೂರು.

ಕಾಯಿ ಇಳಿಸುವ ದಿನ ಬಂದಾಗ ಅವ್ವ ಏಣಿಯ ಬುಡದಲ್ಲಿ ನಿಂತು, ಆ ಬರಹ ಮುಟ್ಟಿದವರ ಕೈ ಮುರಿಯುತ್ತೇನೆ ಎಂದಳು. ಯಾರೂ ಮುಟ್ಟಲಿಲ್ಲ. ಆದರೆ ಸೀಮೆಸುಣ್ಣಕ್ಕೆ ಅವ್ವನ ದುಃಖ ತಿಳಿಯುತ್ತದೆಯೇ? ಒಲೆಯ ಹೊಗೆಗೆ ಅದು ದಿನದಿನಕ್ಕೆ ಮಸುಕಾಗುತ್ತ ಬಂತು. ಅವ್ವ ಅಟ್ಟ ಹತ್ತಿ ಬಂದಾಗಲೆಲ್ಲ ಊಟ ಬಿಡುತ್ತಿದ್ದಳು. ನೋಡಲಾಗದೆ ಒಂದು ಮಧ್ಯಾಹ್ನ, ಅವಳು ತೋಟದಲ್ಲಿದ್ದಾಗ, ಸ್ಕೂಲಿನಿಂದ ಕದ್ದು ತಂದ ಚೂರು ಸೀಮೆಸುಣ್ಣದಲ್ಲಿ ಆ ಸಾಲುಗಳ ಮೇಲೆಯೇ ತಿದ್ದಿಬಿಟ್ಟೆ. ಮಾರನೆಯ ದಿನ ಅವ್ವ ಹೊಟ್ಟೆ ತುಂಬ ಮುದ್ದೆ ಉಂಡಳು. ಊರಿನವರನ್ನು ಕರೆದು, “ನೋಡ್ರವ್ವ, ನನ್ ಮಗ್ಳ ಅಕ್ಷರ ಮಾಸಿಲ್ಲ” ಎಂದು ತೋರಿಸಿದಳು. ಒಬ್ಬ ಸೋದರತ್ತೆಯಂತೂ ತೊಲೆಗೆ ಕೈ ಮುಗಿದಳು.

ಇಂಥ ಸುಳ್ಳನ್ನು ಒಮ್ಮೆ ಹೇಳಿದರೆ ಮುಗಿಯುವುದಿಲ್ಲ, ವರ್ಷವರ್ಷವೂ ಹೇಳುತ್ತಿರಬೇಕು. ಪ್ರತಿ ವರ್ಷ ಗೌರಿಹಬ್ಬಕ್ಕೆ ಮುಂಚೆ ಕದ್ದು ಅಟ್ಟ ಹತ್ತಿದೆ, ತಿದ್ದಿದೆ. ವ್ಯತ್ಯಾಸ ಗೊತ್ತಾಗಬಾರದೆಂದು ಅಕ್ಕನ ಹಳೆಯ ನೋಟ್‌ಬುಕ್ಕಿನ ಮೇಲೆ ಅಭ್ಯಾಸವನ್ನೂ ಮಾಡಿದೆ. ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಅಕ್ಕನಿಗೂ ಪಾಠ ಹೇಳಿದ್ದ ವಿಜ್ಞಾನದ ಮೇಷ್ಟ್ರು ನನ್ನ ರೆಕಾರ್ಡ್ ಬುಕ್ ತೆರೆದು, “ಯಾಕಮ್ಮಾ, ನಿಮ್ಮಕ್ಕ ಬರ್ದಿದ್ದುನ್ನ ತಂದಿದೀಯಾ?” ಎಂದು ಗದರಿಸಿದರು. ನಕ್ಕು ಬುಕ್ ವಾಪಸ್ ತೆಗೆದುಕೊಂಡೆ. ಆಮೇಲೆ ಮನೆಗೆ ಬಂದು ನನ್ನದೇ ಅಕ್ಷರದಲ್ಲಿ ಒಂದು ಸಾಲು ಬರೆಯಲು ಕುಳಿತರೆ, ಅದು ಹೇಗಿತ್ತೆಂದೇ ನೆನಪಾಗಲಿಲ್ಲ.

ಇಷ್ಟು ಪೀಠಿಕೆ ಏಕೆಂದರೆ, ಮೂವತ್ತೈದನೆಯ ವಯಸ್ಸಿನಲ್ಲಿ ನನಗೊಂದು ಪರೀಕ್ಷೆ ಒದಗಿಬಂತು. ತಿಪಟೂರಿನ ಒಂದು ಆಸ್ಪತ್ರೆಯಲ್ಲಿ ನಾನು ನರ್ಸು. ಹೊರದೇಶದ ಆಸ್ಪತ್ರೆಯೊಂದು ಕೆಲಸಕ್ಕೆ ಕರೆಯಲು ಸಿದ್ಧವಿತ್ತು. ಆದರೆ ನನಗೆ ಇಂಗ್ಲಿಷ್ ಬರುತ್ತದೆಂದು ಪರೀಕ್ಷೆ ಬರೆದು ತೋರಿಸಬೇಕು. ಒಂಟಿ ಹೆಂಗಸು, ಬದುಕಿನಲ್ಲಿ ಮೊದಲ ಬಾರಿ ನನಗಾಗಿ ಏನನ್ನೋ ಆಸೆಪಟ್ಟಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಟೈಲರ್ ಸಾಹೇಬರ ಅಂಗಡಿಯ ಮಹಡಿಯಲ್ಲಿ ಅವರ ಮಗಳು ಶಬಾನಾ ಇದಕ್ಕೆ ಪಾಠ ಹೇಳುತ್ತಾಳೆ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಅರ್ಜಿ ತುಂಬುವಾಗ ಅವಳು ಕೇಳಿದಳು: “ಅಕ್ಕಾ, ಕಂಪ್ಯೂಟರ್ರಾ, ಪೇಪರ್ರಾ? ಸೋಮವಾರದೊಳಗೆ ಹೇಳ್ಬುಡಿ. ನನ್ ಕೇಳಿದ್ರೆ ಪೇಪರ್ ತಗೊಳ್ಳಿ. ನಿಮ್ ಟೈಪಿಂಗ್ ಆಮೆ ನಡಿಗೆ. ಕೈಬರಹ ನೋಡಿದ್ರೆ ಮುತ್ತು ಪೋಣಿಸ್ದಂಗೈತೆ ಕಣಕ್ಕಾ.”

ಮುತ್ತು ಪೋಣಿಸಿದ ಕೈ ಯಾವುದೆಂದು ಅವಳಿಗೇನು ಗೊತ್ತು! ಎರಡರಲ್ಲೂ ಬರೆಸಿ ನೋಡೋಣ ಎಂದಳು. ಮೊದಲು ಕಾಗದದ ಮೇಲೆ. ಮಕ್ಕಳು ಹಿರಿಯರಿಂದ ಕಲಿಯಬೇಕೋ ಸ್ವಂತ ಅನುಭವದಿಂದಲೋ ಎಂಬುದು ವಿಷಯ. ನಲವತ್ತು ನಿಮಿಷ ತಲೆಯೆತ್ತದೆ ಬರೆದೆ. ಕೆಳಗಿನ ಹೊಲಿಗೆ ಯಂತ್ರದ ಸದ್ದು ಕೂಡ ಕಿವಿಗೆ ಬೀಳಲಿಲ್ಲ. ಶಬಾನಾ ಓದಿ ಮೆಚ್ಚಿಕೊಂಡಳು, ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟಳು.

“ನಿಮ್ಗೆ ತಂಗಿ ಇದಾಳಾ ಅಕ್ಕಾ? ಹೇಳೇ ಇಲ್ಲ.”

ನಾನು ಬಗ್ಗಿ ನೋಡಿದೆ. ‘ನನ್ನ ತಂಗಿಗೆ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನೇ’ ಎಂದು ಇಂಗ್ಲಿಷಿನಲ್ಲಿ, ಎಡಕ್ಕೆ ವಾಲಿದ ಅಕ್ಷರಗಳಲ್ಲಿ ಬರೆದಿತ್ತು. ನನಗೊಬ್ಬ ತಮ್ಮನಿದ್ದಾನೆ, ತಂಗಿಯಿಲ್ಲ. ಆ ಸಾಲನ್ನು ಬರೆದ ನೆನಪು ನನಗೆ ಎಳ್ಳಷ್ಟೂ ಇಲ್ಲ. ಹಗಲು ಹನ್ನೊಂದು ಗಂಟೆ, ಕಿಟಕಿಯ ತುಂಬ ಬಿಸಿಲು, ಕೆಳಗೆ ಬಸ್ಸಿನವರು ತುರುವೇಕೆರೆ ತುರುವೇಕೆರೆ ಎಂದು ಕೂಗುತ್ತಿದ್ದರು. ನಾನು ಆ ಹಾಳೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡೆ.

ಕಂಪ್ಯೂಟರಿನಲ್ಲಿ ಬರೆದ ಪ್ರಬಂಧದಲ್ಲಿ ತಂಗಿ ಬರಲಿಲ್ಲ. ತಪ್ಪುಗಳು ಬೇಕಾದಷ್ಟಿದ್ದವು, ಕೊನೆಯ ಭಾಗ ಮುಗಿಯಲೂ ಇಲ್ಲ. ಪರದೆಯ ಅಕ್ಷರಗಳು ನೆಟ್ಟಗೆ ನಿಂತಿದ್ದವು, ಯಾರ ಕಡೆಗೂ ವಾಲದೆ. ನೀವೇ ಹೇಳಿ, ಇದೆಂಥ ಆಯ್ಕೆ? ಕಾಗದ ಹಿಡಿದರೆ ಪಾಸಾಗುವುದು ಬಹುಪಾಲು ಖಂಡಿತ, ಪಾಸಾಗುವವಳು ನಾನೇ ಎಂಬುದು ಖಂಡಿತವಲ್ಲ. ಕಂಪ್ಯೂಟರ್ ಹಿಡಿದರೆ ಫೇಲಾಗುವವಳಂತೂ ನಾನೇ. ಆಯಾಸಕ್ಕೆ ಮನಸ್ಸು ಹೀಗೆಲ್ಲ ಆಟ ಕಟ್ಟುತ್ತದೆ ಎಂದು ರೋಗಿಗಳಿಗೆ ಹೇಳುವ ಸಮಾಧಾನವನ್ನೇ ನನಗೂ ಹೇಳಿಕೊಂಡೆ. ರೋಗಿಗಳು ಅದನ್ನು ಏಕೆ ನಂಬುವುದಿಲ್ಲವೆಂದು ಆಗ ತಿಳಿಯಿತು.

ಭಾನುವಾರ ಬಸ್ಸು ಹತ್ತಿ ಊರಿಗೆ ಹೋದೆ. ತಮ್ಮನೂ ಅವನ ಹೆಂಡತಿಯೂ ತೋಟಕ್ಕೆ ಹೋಗಿದ್ದರು. ಅವ್ವ ಜಗಲಿಯಲ್ಲಿ ಕುಳಿತು ಹುರುಳಿ ಕೇರುತ್ತಿದ್ದಳು. ಎದುರಿಗೆ ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ: ತೊಲೆಯ ಮೇಲಿನದು ಅಕ್ಕನ ಅಕ್ಷರವಲ್ಲ, ಇಷ್ಟು ವರ್ಷ ತಿದ್ದುತ್ತ ಬಂದವಳು ನಾನು ಎಂದು. ಅವಳು ಎದೆ ಬಡಿದುಕೊಳ್ಳುತ್ತಾಳೆಂದು ಎಣಿಸಿದ್ದೆ. ಮೊರ ಕೂಡ ನಿಲ್ಲಲಿಲ್ಲ.

“ಗೊತ್ತಿತ್ತು ಕಣೇ,” ಎಂದಳು. “ಓದಾಕೆ ಬರದೇ ಹೋದ್ರೇನು, ಮಕ್ಳ ಕೈ ಗೊತ್ತಾಗಲ್ವಾ? ಮೊದಲ್ನೇ ವರ್ಸ ಅದು ನಿನ್ ಅಕ್ಷರ. ನೆಟ್ಟಗೆ, ದಪ್ಪದಪ್ಪಕ್ಕಿತ್ತು. ನನ್ಗೋಸ್ಕರ ಬರ್ದೈತಲ್ಲ ಕೂಸು ಅಂತ ಉಣ್ಣಾಕೆ ಕೂತೆ.”

ಮೊರ ಈಗ ನಿಂತಿತು.

“ಮೂರ್ನೇ ವರ್ಸ ಹತ್ತಿ ನೋಡ್ತೀನಿ, ಅವಳ್ದೇ. ಅವಳ್ದೇ ಕೈ. ನಿಂದು ಎಲ್ಲೂ ಇಲ್ಲ. ಒಬ್ಳು ಹೋದ್ಲು ಅಂತ ಊರೆಲ್ಲ ಕೇಳೋ ಹಂಗೆ ಅತ್ತೆ. ಇನ್ನೊಬ್ಳೂ ಹೋಗ್ತಾ ಅವ್ಳೆ ಅಂತ ಯಾರ್ ಹತ್ರ ಹೇಳ್ಲಿ? ಬಾಯಿ ಬಿಟ್ರೆ ನಿಜ ಆಗ್ಬುಡ್ತದೆ ಅಂತ ಸುಮ್ನಿದ್ದೆ.”

ಆಮೇಲೆ ಎದ್ದು ಒಳಗಿನಿಂದ ಒಂದು ತುಂಡು ಸೀಮೆಸುಣ್ಣ ತಂದು ಕೊಟ್ಟಳು. ಜಗಲಿಯ ಕಲ್ಲಿನ ಮೇಲೆ ನನ್ನ ಹೆಸರು ಬರೆ ಎಂದಳು. ಬರೆದೆ. ಸುಧಾ. ಎಡಕ್ಕೆ ವಾಲಿತು, ಬಾಲ ಬಂತು. ಅವ್ವ ಸೆರಗಿನಿಂದ ಒರೆಸಿ, “ಎಡಗೈಲಿ ಬರಿ” ಎಂದಳು. ಆ ಕೈಗೆ ಯಾರೂ ಏನನ್ನೂ ತಿದ್ದಿಸಿರಲಿಲ್ಲ. ಎರಡೇ ಅಕ್ಷರಕ್ಕೆ ಬೆವರು ಬಂತು. ಸೊಟ್ಟ, ದಪ್ಪ, ಒಂದಕ್ಕೊಂದು ಹೊಂದದ ಗೆರೆಗಳು. ಅವ್ವ ಬಹಳ ಹೊತ್ತು ನೋಡಿದಳು. “ಹೂಂ, ಇದ್ ನೀನು” ಎಂದಳು. ನಾನು ಅತ್ತುಬಿಟ್ಟೆ.

ಸೋಮವಾರ ಶಬಾನಾಳಿಗೆ ಕಂಪ್ಯೂಟರ್ ಎಂದೆ. ಅವಳು ಹಣೆ ಚಚ್ಚಿಕೊಂಡಳು. ಕೀಲಿಗಳ ಮೇಲೆ ಎರಡು ಕೈಗಳೂ ದುಡಿಯಬೇಕಲ್ಲ, ಅದೇ ನನ್ನ ಧೈರ್ಯವಾಗಿತ್ತು. ಎರಡು ತಿಂಗಳು ಡ್ಯೂಟಿ ಮುಗಿಸಿ ಬಂದು ದಿನವೂ ಟೈಪ್ ಮಾಡಿದೆ. ಆಮೆ ಮೊಲವಾಗಲಿಲ್ಲ, ಗುರಿ ಮುಟ್ಟುವ ಆಮೆಯಾಯಿತು. ತಂಗಿ ಮತ್ತೆಂದೂ ಕಾಣಿಸಿಕೊಳ್ಳಲಿಲ್ಲ.

ಪರೀಕ್ಷೆಯ ದಿನ, ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಕುಳಿತ ಹೆಂಗಸು ನನ್ನ ಪಾಸ್‌ಪೋರ್ಟ್ ತೆರೆದಿಟ್ಟುಕೊಂಡು ಒಂದು ಹಾಳೆಯನ್ನೂ ಪೆನ್ನನ್ನೂ ಮುಂದೆ ತಳ್ಳಿದಳು. “ಪಾಸ್‌ಪೋರ್ಟಲ್ಲಿ ಇರೋ ಹಾಗೇ ಸೈನ್ ಮಾಡಿ ಮೇಡಂ, ಹೊಂದ್ಲಿಲ್ಲ ಅಂದ್ರೆ ಒಳಗೆ ಬಿಡೋಕಾಗಲ್ಲ.”

ಎಡಗೈಯನ್ನು ಜೇಬಿನೊಳಗೆ ಇಟ್ಟುಕೊಂಡೆ. ಬಲಗೈಯಲ್ಲಿ ಪೆನ್ನು ಹಿಡಿದೆ, ಹೆಚ್ಚು ಯೋಚಿಸಲಿಲ್ಲ. ಸಹಿ ಎಡಕ್ಕೆ ವಾಲಿತು, ಬಾಲ ಬಂತು. ಅವಳು ಎರಡೂ ಸಹಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿ ಬಾಗಿಲು ತೆಗೆದಳು. ನಾವು ಒಳಗೆ ಹೋದೆವು.