ಪುತಳಿ ಸರದ ರೋಮನ್ ನಾಣ್ಯ

ನಮ್ಮ ಬೀದರ್ ಕಡೆ ಭಾನಾಮತಿಯ, ಅಂದರೆ ಮಾಟಮಂತ್ರದ, ಕಥೆಗಳಿಗೆ ಬರವಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂಥದೊಂದು ಕಥೆ ತೆಗೆದರೆ, "ಕಾಗದದ ಮ್ಯಾಲ ತೋರಸ್ರಿ, ನಂಬ್ತೇನಿ" ಎಂದು ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ. ನನ್ನ ಮಾತನ್ನು ಯಾರೋ ಅಷ್ಟು ಮನಸ್ಸಿಗೆ ತೆಗೆದುಕೊಂಡಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ನಾನು ಭಾಲ್ಕಿಯಲ್ಲಿ ಡ್ರಾಯಿಂಗ್ ಮಾಸ್ತರ. ಇರುವ ಹುಚ್ಚು ಒಂದೇ, ರೋಮನ್ ನಾಣ್ಯ. ಎರಡು ಸಾವಿರ ವರ್ಷಗಳ ಹಿಂದೆ ವ್ಯಾಪಾರಿಗಳ ಜೊತೆ ದಖ್ಖನಿಗೆ ಬಂದ ನಾಣ್ಯಗಳು ಇವತ್ತಿಗೂ ಯಾರದೋ ದೇವರ ಜಗಲಿಯಲ್ಲಿ, ಯಾರದೋ ಕೊರಳಲ್ಲಿ ಸಿಗುತ್ತವೆ. ಕೊಳ್ಳುವ ತಾಕತ್ತು ನನಗಿಲ್ಲ, ಹಾಗಾಗಿ ಪಟ್ಟಿ ಮಾಡುತ್ತೇನೆ. ನಾಣ್ಯದ ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. ಉಬ್ಬಿದ್ದೆಲ್ಲ ಕಪ್ಪು, ತಗ್ಗಿದ್ದೆಲ್ಲ ಬಿಳಿ. ಕಣ್ಣು ಸುಳ್ಳು ಹೇಳೀತು, ಅಚ್ಚು ಹೇಳುವುದಿಲ್ಲ ಎನ್ನುವುದು ನನ್ನ ಜಂಬ.

ಕೆಲವು ವರ್ಷಗಳ ಹಿಂದೆ ಔರಾದ ತಾಲ್ಲೂಕಿನ ಡಾಬಕಾದಲ್ಲಿ ಗುರುಬಾಯಿ ಎಂಬ ಹೆಣ್ಣುಮಗಳ ಮನೆಗೆ ಹೋಗಿದ್ದೆ. ಆಕೆಯ ಪುತಳಿ ಸರ, ಅಂದರೆ ಚಿನ್ನದ ಬಿಲ್ಲೆಗಳನ್ನು ಪೋಣಿಸಿದ ಕೊರಳ ಸರ, ದಾರ ಹರಿಯುವ ಹಾಗಾಗಿತ್ತು. ಅದರ ನಟ್ಟನಡುವೆ ಎಲೆಗಳ ಕಿರೀಟ ತೊಟ್ಟ ರೋಮ್ ಚಕ್ರವರ್ತಿ ಕೂತಿದ್ದ! ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅಲ್ಲೇ ಕುಣಿಯಬೇಕೆನಿಸಿತು. ಅಚ್ಚು ತೆಗೆದೆ. ಪಕ್ಕದಲ್ಲಿ "ಮುಖ ನುಣುಪು, ಗಾಯವಿಲ್ಲ" ಎಂದು ಬರೆದು, ಬಸ್ಸು ತಪ್ಪೀತೆಂದು ಪುಸ್ತಕ ಮುಚ್ಚಿಕೊಂಡು ಓಡಿದೆ.

ಮರುದಿನ ಬೀದರಿನ ಗಾಂಧಿ ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡುವ ರಶೀದ್ ಸಾಹೇಬರಿಗೆ ಅಚ್ಚು ತೋರಿಸಿದೆ. ನಾಣ್ಯದ ಹುಚ್ಚಿನಲ್ಲಿ ಅವರು ನನಗೆ ಅಣ್ಣ. "ಮಾಸ್ತರ್ ಸಾಬ್, ರಾಜಾನ ಗಂಟಲಿಗಿ ಉಳಿ ಏಟು ಬಿದ್ದದ. ನಿಮಗ ಕಾಣ್ಲಿಲ್ಲೇನ್ರಿ?" ಎಂದರು. ನೋಡಿದರೆ ಹೌದು. ಕಿವಿಯಿಂದ ಗಂಟಲಿನ ಕೆಳಗಿನವರೆಗೆ ಓರೆಯಾಗಿ ಒಂದು ಬಿಳಿ ಗೀರು, ಅದರ ನಡುವೆ ಎಳ್ಳಿನಷ್ಟು ಕಪ್ಪು. ಒಳಗೂ ಚಿನ್ನವಿದೆಯೋ, ಬರೀ ಮೇಲೆ ಚಿನ್ನದ ನೀರು ಕೊಟ್ಟದ್ದೋ ಎಂದು ಪರೀಕ್ಷಿಸಲು ಹಿಂದಿನವರು ಹಾಗೆ ಹೊಡೆಯುತ್ತಿದ್ದರು. ಅಂಥದ್ದು ನನ್ನ ಕಣ್ಣು ತಪ್ಪಿಸಿತಲ್ಲ ಎಂದು ರಾತ್ರಿಯಿಡೀ ಹೊರಳಾಡಿದೆ.

ಮುಂದಿನ ಭಾನುವಾರವೇ ಮತ್ತೆ ಡಾಬಕಾಕ್ಕೆ ಹೋದೆ. ಅಷ್ಟರಲ್ಲಿ ಔರಾದಿನ ಅಕ್ಕಸಾಲಿಗ ಮೋನಪ್ಪ ಪತ್ತಾರರು ಸರಕ್ಕೆ ಹೊಸ ದಾರ ಹಾಕಿಕೊಟ್ಟಿದ್ದರು. ನಾಣ್ಯವನ್ನು ಬೆಳಕಿಗೆ ಹಿಡಿದೆ. ಗಂಟಲು ನುಣ್ಣಗಿತ್ತು. "ಇದು ಆ ನಾಣ್ಯ ಅಲ್ಲರಿ ಅಕ್ಕಾರ" ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಕೆ ಸರವನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ನಮ್ಮತ್ತಿ ಸಾಯೋ ಮುಂದ ತನ್ನ ಕೊಳ್ಳಾಗಿಂದ ತಗದು ನನ್ನ ಕೊಳ್ಳಾಗ ಹಾಕ್ಯಾಳ ರೀ" ಎಂದಳು. ಕ್ಷಣದಲ್ಲಿ ಓಣಿಯ ಜನ ನೆರೆದರು. ಪತ್ತಾರ ನಾಣ್ಯ ಬದಲಿಸಿದ್ದಾನೆ ಎಂಬ ಮಾತು ಹುಟ್ಟಿಯೇಬಿಟ್ಟಿತು. ಆ ಊರಿನ ಮುಕ್ಕಾಲು ತಾಳಿಗಳು ಮೋನಪ್ಪನವರ ಮನೆತನದ ಕೈಯವು. ನಂಬಿಕೆ ಹೋದ ಮೇಲೆ ಪತ್ತಾರನ ಹತ್ತಿರ ಇನ್ನೇನು ಉಳಿದೀತು? ಫೋನು ಹೋಯಿತು. ಗಂಟೆಯೊಳಗೆ ಅವರು ಸಾಮಾನಿನ ಚೀಲ ಹಿಡಿದು ಬಂದರು.

ಅವರು ಜಗಳ ಆಡಲಿಲ್ಲ. "ಅಕ್ಕಾರ, ನೀವು ಹೂಂ ಅಂದ್ರ ಒಂದು ಏಟು ಹಾಕ್ತೇನಿ. ಒಳಗ ತಾಮ್ರ ಕಂಡ್ರ ನಾಳಿಂದ ನನ್ನ ಅಂಗಡಿ ಬಂದ್ ರೀ" ಎಂದರು. ಆಕೆ ತಲೆಯಾಡಿಸಿದಳು. ನನ್ನ ಪುಸ್ತಕ ಚೀಲದೊಳಗೇ ಇತ್ತು, ಅದನ್ನು ಅವರು ನೋಡಿರಲಿಲ್ಲ, ಗೀರು ಎಲ್ಲಿದೆ ಎಂದು ನಾನೂ ಹೇಳಿರಲಿಲ್ಲ. ಇದನ್ನು ನಾನು ಯಾರ ಮೇಲೆ ಬೇಕಾದರೂ ಆಣೆ ಇಟ್ಟು ಹೇಳಬಲ್ಲೆ. ಉಳಿ ಇಟ್ಟು ಒಂದೇ ಏಟು ಹೊಡೆದರು. ಒಳಗೂ ಹೊರಗೂ ಅಪ್ಪಟ ಚಿನ್ನ.

ಜನ ಉಸಿರು ಬಿಟ್ಟರು, ನಾನು ಮಾತ್ರ ನಾಣ್ಯವನ್ನು ಕಣ್ಣಿನ ಹತ್ತಿರ ಹಿಡಿದೆ. ಏಟು ಬಿದ್ದದ್ದು ಕಿವಿಯಿಂದ ಗಂಟಲಿನ ಕೆಳಗೆ, ಓರೆಯಾಗಿ. ಪುಸ್ತಕ ತೆಗೆದು ಅದೇ ಪುಟದಲ್ಲಿ ಮತ್ತೊಂದು ಅಚ್ಚು ತೆಗೆದೆ. ಅದೇ ಬಿಳಿ ಗೀರು ಮೂಡಿತು, ನಡುವಿನ ಎಳ್ಳಿನಷ್ಟು ಕಪ್ಪು ಸಮೇತ. ಮೋನಪ್ಪನವರ ಉಳಿ ಇಸಿದುಕೊಂಡು ನೋಡಿದೆ. ಅದರ ಬಾಯಲ್ಲಿ, ಆ ಕಪ್ಪು ಚುಕ್ಕೆಯ ಜಾಗಕ್ಕೆ ಸರಿಯಾಗಿ, ಸಣ್ಣದೊಂದು ಮುಕ್ಕಿತ್ತು.

ನಾನು ಅವರ ಎರಡೂ ಕೈ ಹಿಡಿದು ಎಲ್ಲರ ಎದುರಿಗೆ ತಪ್ಪಾಯಿತೆಂದೆ. ಅವರು ಎರಡೂ ಅಚ್ಚುಗಳನ್ನು ನೋಡಿದರು. "ನಿಮ್ಮ ಕಾಗದ ಖರೇನ ಹೇಳ್ಯದ ಮಾಸ್ತರ್. ನಾ ಹೊಡಿಯೋಕಿಂತ ಮೊದ್ಲ ಹೇಳ್ಯದ ಅಷ್ಟ" ಎಂದು ಉಳಿಯನ್ನು ಚೀಲಕ್ಕೆ ಹಾಕಿಕೊಂಡರು.

ಆ ಪುಟ ನನ್ನ ಹತ್ತಿರ ಇನ್ನೂ ಇದೆ. ನನ್ನದೇ ಅಕ್ಷರದಲ್ಲಿ "ಗಾಯವಿಲ್ಲ" ಎಂದಿದೆ, ಪಕ್ಕದಲ್ಲೇ ಗಾಯವೂ ಇದೆ. ಆ ಗೀರು ಕಾಣದಿದ್ದರೆ ನಾನು ಆ ಮಾತು ಆಡುತ್ತಿರಲಿಲ್ಲ, ಆಡದಿದ್ದರೆ ಆ ಏಟೇ ಬೀಳುತ್ತಿರಲಿಲ್ಲ. ಇದರಾಚೆ ನನ್ನ ಬುದ್ಧಿ ಓಡುವುದಿಲ್ಲ. ಸ್ಟಾಫ್ ರೂಮಿನಲ್ಲಿ ಈಗಲೂ ಭಾನಾಮತಿಯ ಕಥೆಗಳು ಬರುತ್ತವೆ. ನಾನು ಕಾಗದ ಕೇಳುವುದನ್ನು ಬಿಟ್ಟಿದ್ದೇನೆ, ಸುಮ್ಮನೆ ಚಹಾ ಕುಡಿಯುತ್ತೇನೆ.